ಮೇಜಿನ ಅಡಿಮೈ

"ಇದು ಯಾರ ಮನೆ ಮೇಜು?" ಎಂದು ಕೇಳಿದಳು ಫೆನ್ನಾ.

ಅವಳು ಇನ್ನೂ ಕೋಟು ತೆಗೆದಿರಲಿಲ್ಲ. ನಡೆಯಲು ಕೊಟ್ಟಿದ್ದ ಕಬ್ಬಿಣದ ಚೌಕಟ್ಟನ್ನು ಪಕ್ಕಕ್ಕೆ ಸರಿಸಿ, ತನ್ನ ಕುರ್ಚಿಯ ಬೆನ್ನನ್ನು ತಡವಿ ಕಂಡುಕೊಂಡು, ಉಸ್ಸಪ್ಪಾ ಎಂದು ಕುಳಿತು, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿದ್ದಳು. ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೊದಲು ಆಸ್ಪತ್ರೆ, ಆಮೇಲೆ ನಡೆಯಲು ಕಲಿಸುವ ಶುಶ್ರೂಷಾಲಯ ಎಂದು ಬೇಸಿಗೆಯ ಕೊನೆಯಲ್ಲಿ ಮನೆ ಬಿಟ್ಟವಳು ಮೇಪಲ್ ಮರಗಳೆಲ್ಲ ಬೋಳಾದ ಮೇಲೆ ಮರಳಿದ್ದಳು. ಕಾರಿನಲ್ಲಿ ದಾರಿಯುದ್ದಕ್ಕೂ ಅವಳದು ಒಂದೇ ಜಪ: "ನನ್ನ ಕುರ್ಚಿ, ನನ್ನ ಮೇಜು, ಒಂದು ಲೋಟ ಬಿಸಿ ಕಾಫಿ. ಮತ್ತೇನೂ ಬೇಡ ಕಣೇ."

ತಂಗಿ ವಿಲ್ಮಾ ಕಾಫಿ ಪಾತ್ರೆ ಹಿಡಿದುಕೊಂಡು ಒಲೆಯ ಬಳಿ ನಿಂತಿದ್ದಳು. ಈ ಗಳಿಗೆಗಾಗಿಯೇ ಅವಳು ವಾರಗಟ್ಟಲೆ ಕಾದಿದ್ದಳು. ಅಕ್ಕನ ಕೈ ಮೇಜಿನ ಮೇಲೆ ಜಾರುತ್ತದೆ, "ಅಯ್ಯೋ ವಿಲ್ಮಾ, ರೇಷ್ಮೆ ಸವರಿದ ಹಾಗಿದೆಯಲ್ಲೇ!" ಎನ್ನುತ್ತಾಳೆ, ಆಗ ತಾನು ಏನೂ ಆಗಿಲ್ಲವೆಂಬಂತೆ ಕಾಫಿ ಬಗ್ಗಿಸಬೇಕು ಎಂದೆಲ್ಲ ಲೆಕ್ಕ ಹಾಕಿಟ್ಟಿದ್ದಳು. ಆದರೆ ಫೆನ್ನಾಳ ಬೆರಳುಗಳು ಜಾರುತ್ತಿರಲಿಲ್ಲ, ಹುಡುಕುತ್ತಿದ್ದವು. ಎಡಗೈ ಬೆರಳು ಅಂಚಿನಿಂದ ಒಂದು ಗೇಣು ಒಳಗೆ ಬಂದು, ಅಲ್ಲೇ ಸುತ್ತು ಹಾಕಿ, ಹಿಂದೆ ಹೋಗಿ, ಮತ್ತೆ ಬಂತು.

"ಇಲ್ಲಿ ಮರದ ಗಂಟೊಂದಿತ್ತು. ಅದರ ಪಕ್ಕ ಹಲಗೆ ಸೇರೋ ಗೆರೆ ಹೋಗ್ತಿತ್ತು, ನಿನ್ನ ಜಾಗಕ್ಕೂ ನನ್ನ ಜಾಗಕ್ಕೂ ನಡುವೆ." ಕುರುಡು ಕಣ್ಣುಗಳು ಗೋಡೆಯ ಕಡೆ ತಿರುಗಿದ್ದವು. ಮುಖದ ಬಣ್ಣ ಇಳಿದಿತ್ತು. "ಕಾಲು ನಮ್ಮ ಮೇಜಿಂದೇ. ಮೈ ಬೇರೆ. ನೀನೇನಾದ್ರೂ ಮಾಡಿದ್ಯೇನೇ ಇದಕ್ಕೆ?"

"ಏನೂ ಇಲ್ಲ. ಒರೆಸಿ ಒಂಚೂರು ಮೇಣ ಹಚ್ಚಿದೆ, ಅಷ್ಟೆ," ಎಂದಳು ವಿಲ್ಮಾ. "ಅದೇ ಮೇಜು ಅಕ್ಕ. ಆಪರೇಷನ್ ಮಂಪರು ಇನ್ನೂ ಇಳಿದಿಲ್ಲ ನಿಂಗೆ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಆಡಿದವಳಿಗೇ ಅಚ್ಚರಿಯಾಯಿತು. ದಣಿದು ಬಂದಿದ್ದಾಳೆ, ಈಗ ಜಗಳ ಬೇಡ, ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡಳು. ಫೆನ್ನಾ "ಹಾಗಾ" ಎಂದಳು. ಎರಡೂ ಕೈಗಳನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಫೆನ್ನಾ ಆ ಮಾತನ್ನು ಏಕೆ ನಂಬಿದಳು ಎಂದರೆ, ವಿಲ್ಮಾ ಅವಳಿಗೆ ಸುಳ್ಳು ಹೇಳಿದವಳೇ ಅಲ್ಲ. ಫೆನ್ನಾಳ ದೃಷ್ಟಿ ಒಂದೇ ಸಲಕ್ಕೆ ಹೋಗಿರಲಿಲ್ಲ. ಹಳೆಯ ಬಟ್ಟೆ ಸವೆದಂತೆ ಅಂಚಿನಿಂದ ಶುರುವಾಗಿ ವರ್ಷವರ್ಷವೂ ಒಳಗೊಳಗೆ ಬಂದಿತ್ತು. ಕೊನೆಯ ಬೆಳಕೂ ಆರಿದ ಚಳಿಗಾಲದಲ್ಲಿ ಅವಳು ತಂಗಿಗೆ ಒಂದು ಕರಾರು ಹಾಕಿದ್ದಳು: "ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ಪಾಪ ಅಂತ ಒಂದು ಮಾತೂ ಬೇಡ." ಅಂದಿನಿಂದ ವಿಲ್ಮಾ ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತ ಬಂದಿದ್ದಳು. ಕಾಲರಿಗೆ ಸಾರು ಬಿದ್ದಿದೆ. ಈ ಟೋಪಿಯಲ್ಲಿ ನೀನು ಮೊಟ್ಟೆಗೆ ಕೂತ ಕೋಳಿ. ಪಾದ್ರಿಗಳ ಹೆಂಡತಿ ಬೋಧನೆ ಮಧ್ಯೆ ತೂಕಡಿಸುತ್ತಿದ್ದಾಳೆ. ಅಕ್ಕನಿಗೆ ತಂಗಿಯ ಬಾಯೇ ಕಣ್ಣು. ಹಾಗಾಗಿ ತಂಗಿಯ ಮಾತಿಗೂ ತನ್ನ ಬೆರಳಿಗೂ ತಾಳೆಯಾಗದೆ ಹೋದಾಗ ಫೆನ್ನಾ ಅನುಮಾನಪಟ್ಟದ್ದು ತನ್ನನ್ನೇ.

ಇನ್ನು ಆ ಮೇಜು. ಅಪ್ಪ ಗ್ರ್ಯಾಂಡ್ ರ್‍ಯಾಪಿಡ್ಸಿನ ಪೀಠೋಪಕರಣ ಕಾರ್ಖಾನೆಯಲ್ಲಿದ್ದವನು. ಅಲ್ಲಿ ಮಿಕ್ಕಿದ ಓಕ್ ಹಲಗೆಗಳನ್ನು ಒಂದೊಂದಾಗಿ ಹೊತ್ತು ತಂದು ಜೋಡಿಸಿದ್ದ. ಮೇಪಲ್, ಚೆರ್ರಿ ಬಾಯಿ ಮುಚ್ಚಿಕೊಂಡ ಮರಗಳು. ಉಜ್ಜಿ ವಾರ್ನಿಶ್ ಹೊಡೆದರೆ ಸಾಕು, ತಾವೇ ನುಣ್ಣಗಾಗುತ್ತವೆ. ಓಕ್, ಆ್ಯಶ್, ಮಹಾಗನಿಗಳದು ಬಾಯಿ ತೆರೆದ ಎಳೆ. ಎಷ್ಟು ಉಜ್ಜಿದರೂ ಸೂಜಿಯಿಂದ ಗೀರಿದಂಥ ಸಣ್ಣ ಸಣ್ಣ ಸೀಳುಗಳು ಉಳಿದೇ ಉಳಿಯುತ್ತವೆ. ಗಾಜಿನಂಥ ಮೈ ಬೇಕಾದರೆ ಆ ಸೀಳುಗಳಿಗೆಲ್ಲ ಮೊದಲು ಫಿಲ್ಲರ್ ಎಂಬ ಲೇಪ ತುಂಬಬೇಕು. ಅಪ್ಪ ತುಂಬಿರಲಿಲ್ಲ. "ಹಗಲೆಲ್ಲ ಸಾಹುಕಾರರ ಮೇಜಿಗೆ ತುಂಬಿ ತುಂಬಿ ಕೈ ಸೋತಿದೆ. ನಮ್ಮ ಬಟಾಣಿ ಸಾರಿಗೆ ಇಷ್ಟು ಸಾಕು," ಎಂದು ಅಗಸೆ ಎಣ್ಣೆ ತಿಕ್ಕಿ ಕೈ ತೊಳೆದುಕೊಂಡಿದ್ದ. ಅದು ಸೋಮಾರಿತನವೋ ಜಿಪುಣತನವೋ ಎಂದು ಅಮ್ಮ ಕೊನೆಯವರೆಗೂ ಕೇಳುತ್ತಿದ್ದಳು.

ಮೇಜಿನ ಆ ಬಿಟ್ಟ ಬಾಯಿಯೇ ಫೆನ್ನಾಗೆ ಅಕ್ಷರವಾಯಿತು. ಎಡಗೈ ಹತ್ತಿರ ಗಂಟು, ಅದರಾಚೆ ಹಲಗೆ ಸೇರಿದ ಗೆರೆ, ಗೆರೆಯಾಚೆ ತಂಗಿಯ ಸೀಮೆ. ಉಪ್ಪಿನ ಡಬ್ಬಿ ಎಲ್ಲಿದೆ, ಬ್ರೆಡ್ಡಿನ ತಟ್ಟೆ ಎಷ್ಟು ದೂರ, ಎಲ್ಲವನ್ನೂ ಬೆರಳು ಓಡಿಸಿ ಹೇಳುತ್ತಿದ್ದಳು. ಊಟಕ್ಕೆ ಕೂತರೆ ಮೊದಲು ಬೆರಳ ಪಹರೆ, ಆಮೇಲೆ ತಕರಾರು: "ವಿಲ್ಮಾ, ನಿನ್ನ ತಟ್ಟೆ ಗೆರೆ ದಾಟಿದೆ." ದಿನಾ ಇದೇ. ಕಣ್ಣಿದ್ದವಳ ತಟ್ಟೆಯನ್ನು ಕಣ್ಣಿಲ್ಲದವಳು ಸರಿಸುವುದು. ವಿಲ್ಮಾಗೆ ಮೈ ಉರಿಯುತ್ತಿತ್ತು. ಅದರ ಮೇಲೆ ಶನಿವಾರದ ಕೆಲಸ ಬೇರೆ. ಭಾನುವಾರ ದೇವರ ದಿನ, ಮನೆಯಲ್ಲಿ ಕಡ್ಡಿ ಅಲ್ಲಾಡಿಸುವಂತಿಲ್ಲ. ಆಲೂಗೆಡ್ಡೆ ಸುಲಿದಿಡುವುದು, ಷೂಗಳಿಗೆ ಪಾಲಿಶ್, ಎಲ್ಲ ಶನಿವಾರವೇ ಮುಗಿಯಬೇಕು. ಅವೆಲ್ಲ ಮುಗಿದ ಮೇಲೆ ಹಲ್ಲುಕಡ್ಡಿ ಹಿಡಿದು ಆ ಸೀಳುಗಳಿಂದ ವಾರದ ಹಿಟ್ಟು, ಕಾಕಂಬಿ, ಬೆಣ್ಣೆ ಕೆರೆಯಬೇಕು. ಕೆರೆಯುವವಳು ಯಾರು? ಊರಿನ ಪೀಠೋಪಕರಣ ಕಾರ್ಯಾಗಾರದಲ್ಲಿ ಅರ್ಧ ಆಯಸ್ಸು ವಾರ್ನಿಶ್ ಕೋಣೆಯಲ್ಲಿ ಕಳೆದವಳು, ಕಂಪನಿ ನಿರ್ದೇಶಕರ ಮಹಾಗನಿ ಮೇಜುಗಳಿಗೆ ಮುಖ ಕಾಣುವ ಹೊಳಪು ಕೊಡುವವಳು!

ಫೆನ್ನಾ ಬೀಳುವ ಹಿಂದಿನ ವಾರ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆದಿತ್ತು. "ಒಂದು ಸಲ ಫಿಲ್ಲರ್ ತುಂಬೋಕೆ ಬಿಡು, ಜನ್ಮದಲ್ಲಿ ಕೆರೆಯೋದು ತಪ್ಪುತ್ತೆ," ಎಂದಿದ್ದಳು ವಿಲ್ಮಾ. "ಈ ಮೇಜಿನ ತಂಟೆಗೆ ಬಂದ್ರೆ ನೋಡು. ನೀನು ಮಾಡಿದ ಮೇಜುಗಳನ್ನ ಮುಟ್ಟಿದ್ದೀನಿ ಕಣೇ. ಎಲ್ಲ ನುಣ್ಣಗೆ. ಒಂದಕ್ಕಾದ್ರೂ ಮುಖ ಅಂತ ಇದ್ಯಾ?" ಎಂದಿದ್ದಳು ಫೆನ್ನಾ.

ಆ ಮಾತು ವಿಲ್ಮಾಳಿಗೆ ಮುಳ್ಳಾಗಿ ನಾಟಿತ್ತು. ಮನೆ ಬರಿದಾದ ಮೇಲೆ ಅವಳು ಕೆಲಸಕ್ಕೆ ಕೈ ಹಾಕಿದ್ದು ಅಕ್ಕನಿಗೆ ಸುಖವಾಗಲಿ ಎಂದೇ. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ನೀರಿನ ಫಿಲ್ಲರ್ ಬೇಗ ಒಣಗುತ್ತದೆ, ಆದರೆ ಓಕ್‌ನಂಥ ಆಳದ ಸೀಳಿನಲ್ಲಿ ಕುಗ್ಗಿ ಕೂರುತ್ತದೆ. ಎಣ್ಣೆಯದೇ ಆಗಲಿ ಎಂದು ಎಣ್ಣೆಯದನ್ನು ಆರಿಸಿದಳು. ಬಣ್ಣ ಮರಕ್ಕಿಂತ ಒಂದು ಛಾಯೆ ಹೆಚ್ಚು ಕಪ್ಪು, ಎಳೆ ಎದ್ದು ಕಾಣಲೆಂದು. ಹಳೆ ಮೈಯನ್ನು ಉಜ್ಜಿ, ತೆಳ್ಳಗೆ ಒಂದು ಕೈ ಅರಗು ಹೊಡೆದು, ಕೆನೆಯ ಹದಕ್ಕೆ ಕಲಸಿದ ಫಿಲ್ಲರನ್ನು ಕುಂಚದಿಂದ ಸೀಳುಗಳಿಗೆ ತುರುಕಿದಳು. ಅದರ ಹೊಳಪು ಮಂಕಾಗುವ ಹೊತ್ತನ್ನೇ ಕಾದು ಗೋಣಿತಾಟಿನಿಂದ ಎಳೆಗೆ ಅಡ್ಡಲಾಗಿ ತಿಕ್ಕಿದಳು. ಎಳೆಯ ಜೊತೆ ತಿಕ್ಕಿದರೆ ತುಂಬಿದ್ದೆಲ್ಲ ಎದ್ದು ಬರುತ್ತದೆ. ದಿನಗಟ್ಟಲೆ ಒಣಗಲು ಬಿಟ್ಟು, ಮತ್ತೆ ತುಂಬಿ, ಮತ್ತೆ ತಿಕ್ಕಿ, ಮೇಲೆ ವಾರ್ನಿಶ್ ಕೊಟ್ಟಳು. ಆ ಗಂಟಿನ ಮೇಲೆ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಉಜ್ಜಿದಳು. ಉಜ್ಜುವಾಗ "ಈಗ ಹೇಳು, ಎಲ್ಲಿದೆ ನಿನ್ನ ಗೆರೆ?" ಎಂಬ ಮಾತು ಒಳಗೆ ಎದ್ದಿತ್ತು. ಅದನ್ನು ಅವಳು ಕೇಳಿಸಿಕೊಂಡಿದ್ದಳು, ಕೈ ಮಾತ್ರ ನಿಲ್ಲಿಸಿರಲಿಲ್ಲ. ಕೆಲಸ ಮುಗಿದಾಗ ಮೇಜು ಕಣ್ಣಿಗೆ ಹಬ್ಬವಾಗಿತ್ತು. ಎಳೆ ಎಳೆಯೂ ಎದ್ದು ಕಾಣುತ್ತಿತ್ತು, ಕೈಗೆ ಮಾತ್ರ ಒಂದೂ ಸಿಗುತ್ತಿರಲಿಲ್ಲ.

ಬೆಳಿಗ್ಗೆ ಹೇಳೋಣ ಎಂದುಕೊಂಡ ಮಾತು ಬೆಳಿಗ್ಗೆ ಬಾಯಿಗೆ ಬರಲಿಲ್ಲ. ಫೆನ್ನಾ ತಾನೇ ಮೊದಲು ಮಾತು ತೆಗೆದಳು. "ಆಸ್ಪತ್ರೇಲಿ ನಿನ್ನನ್ನ ಅಮ್ಮ ಅಂತ ಕರೆದೆನಂತೆ, ಹೌದೇನೇ?"

"ಒಂದೆರಡು ದಿನ. ಮದ್ದಿನ ಅಮಲು ಅದು. ಎಲ್ಲರಿಗೂ ಆಗುತ್ತಂತೆ."

"ನಂಗೆ ಇಳಿದೇ ಇಲ್ಲ ಅನ್ಸುತ್ತೆ. ಮೇಜಿನ ಮೇಲೆ ಗಂಟಿತ್ತು ಅಂತ ಆಣೆ ಮಾಡಿ ಹೇಳ್ತೀನಿ ನಾನು." ಫೆನ್ನಾ ನಕ್ಕಳು. "ಅಮ್ಮನೂ ಹೀಗೇ ಶುರು ಮಾಡಿದ್ದು."

ಅವರಮ್ಮ ಕೊನೆಯ ವರ್ಷಗಳಲ್ಲಿ ಇದೇ ಕುರ್ಚಿಯಲ್ಲಿ ಕೂತು "ಇದು ಯಾರ ಮನೆ? ನನ್ನ ಮನೆಗೆ ಬಿಟ್ಬಿಡ್ರೇ" ಎಂದು ಅಳುತ್ತಿದ್ದಳು. ಹೆತ್ತ ಮಕ್ಕಳನ್ನೇ ಕಳ್ಳಿಯರೆಂದು ಬೈದು, ಸ್ನಾನ ಮಾಡಿಸಲು ಹೋದ ವಿಲ್ಮಾಳ ಕೈ ಕಚ್ಚಿದ್ದಳು. ಆ ವರ್ಷಗಳನ್ನು ಇಬ್ಬರೂ ಮಾತಿನಲ್ಲಿ ತರುತ್ತಿರಲಿಲ್ಲ. ಈಗ ಫೆನ್ನಾ ತಂದಳು. ಆ ಹೆದರಿಕೆಯನ್ನು ಅಲ್ಲಿಟ್ಟದ್ದು ತಾನು ಎಂದು ಗೊತ್ತಿದ್ದ ವಿಲ್ಮಾ ತಟ್ಟೆ ತೊಳೆಯುವ ನೆಪದಲ್ಲಿ ನಲ್ಲಿ ತಿರುಗಿಸಿದಳು.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ವಿಲ್ಮಾಳದು ಅಡಕೆಯಷ್ಟೂ ಇರಲಿಲ್ಲ, ಒಂದು ಚೂರು ಮೇಣದ ಸುಳ್ಳು. ಆದರೆ ದಿನ ಕಳೆದಂತೆ ಅದು ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪವಾಯಿತು. ಫೆನ್ನಾ ಮೆತ್ತಗಾಗಿಬಿಟ್ಟಳು. ತಟ್ಟೆ ಎಲ್ಲಿಟ್ಟರೆ ಅಲ್ಲಿ ಉಂಡಳು. ಚರ್ಚಿನ ಹೆಂಗಸರಿಗಾಗಿ ಕೌದಿಯ ತುಂಡುಗಳನ್ನು ಮುಟ್ಟಿಯೇ ಜೋಡಿಸುತ್ತಿದ್ದವಳು "ಬೇರೆಯವರಿಗೆ ಕೊಡಿ, ನಾನು ತಪ್ಪಿಬಿಟ್ಟರೆ?" ಎಂದು ಬಟ್ಟೆಯ ಮೂಟೆ ವಾಪಸು ಕಳಿಸಿದಳು. ಒಲೆಯ ಹತ್ತಿರ ಹೋಗುವುದನ್ನು ಬಿಟ್ಟಳು. ಮೊದಮೊದಲ ಕೆಲವು ದಿನ, ಹೇಳಲು ನಾಚಿಕೆಯಾಗುತ್ತದೆ, ವಿಲ್ಮಾಗೆ ಆ ಮೌನ ಹಿತವಾಗಿತ್ತು. ತನ್ನ ತಟ್ಟೆಯನ್ನು ಯಾರೂ ಸರಿಸದೆ ಅವಳು ಬಟಾಣಿ ಸಾರು ಉಂಡಿದ್ದಳು, ಎರಡನೆಯ ಸಲ ಬಡಿಸಿಕೊಂಡೂ ಇದ್ದಳು. ಆಮೇಲೆ ರಾತ್ರಿಗಳಲ್ಲಿ ಗೋಡೆಯಾಚೆಯಿಂದ ಗೊಣಗು ಕೇಳತೊಡಗಿತು. ಪ್ರಾರ್ಥನೆ ಇರಬೇಕೆಂದು ಕಿವಿಗೊಟ್ಟರೆ, ಅದು ಊರಿನ ಬೀದಿಗಳ ಹೆಸರು. ಫೆನ್ನಾ ಒಂದೊಂದೇ ಬೀದಿಯನ್ನು ಸಾಲಾಗಿ ಹೇಳಿ, ಮುಗಿದ ಮೇಲೆ ಮತ್ತೆ ಮೊದಲಿಂದ ಹೇಳಿಕೊಳ್ಳುತ್ತಿದ್ದಳು.

ವೈದ್ಯರಲ್ಲಿಗೆ ಕರೆದುಕೊಂಡು ಹೋಗು ಎಂದಳು, ಹೋದರು. ವೈದ್ಯ ಒಳ್ಳೆಯ ಹುಡುಗ, ಅವಸರವಿಲ್ಲದವನು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದ. ಫೆನ್ನಾ ಅವನಿಗಿಂತ ಮೊದಲು ಕಳೆದಳು. ಇದು ಯಾವ ತಿಂಗಳು, ಮೂರು ವಸ್ತುಗಳ ಹೆಸರು ನೆನಪಿಡಿ, ಎಲ್ಲಕ್ಕೂ ಪಟಪಟ ಉತ್ತರ. "ಏನೂ ತೊಂದರೆ ಕಾಣಲ್ಲ, ಅಜ್ಜಿ," ಎಂದ.

"ನೀವು ಕೇಳಿದ್ದಕ್ಕೆಲ್ಲ ಉತ್ತರ ಬರುತ್ತಪ್ಪ," ಎಂದಳು ಫೆನ್ನಾ. "ಹುಟ್ಟಿದಾಗಿಂದ ಉಂಡ ಮೇಜು ಮರೆತುಹೋಗಿದೆ. ಇಲ್ಲದ ಗಂಟು ಇದೆ ಅನ್ನುತ್ತೆ ನನ್ನ ತಲೆ. ಅದಕ್ಕೇನು ಮದ್ದು ಹೇಳಿ."

ಆತ ಪಕ್ಕದಲ್ಲಿದ್ದ ವಿಲ್ಮಾಳ ಕಡೆ ನೋಡಿದ. ಅಕ್ಕನ ಕೋಟನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ಕೂತಿದ್ದ ವಿಲ್ಮಾ ಅದರ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

ಭಾನುವಾರ ಚರ್ಚಿನಲ್ಲಿ ಎಂದಿನಂತೆ ಪಾದ್ರಿಗಳು ಹತ್ತು ಆಜ್ಞೆಗಳನ್ನು ಓದಿದರು. ಸುಳ್ಳುಸಾಕ್ಷಿಯ ಆಜ್ಞೆ ಬಂದ ಹೊತ್ತಿಗೆ ಸರಿಯಾಗಿ ಫೆನ್ನಾ ಕೈಚೀಲದಿಂದ ಪೆಪ್ಪರ್‌ಮಿಂಟ್ ತೆಗೆದು ತಂಗಿಯ ಅಂಗೈಗೆ ಒತ್ತಿದಳು. ಚಿಕ್ಕಂದಿನಿಂದ ನಡೆದು ಬಂದ ಪದ್ಧತಿ, ಬೋಧನೆಗೆ ಮೊದಲು ಅಕ್ಕ ಕೊಡುವುದು, ತಂಗಿ ಚೀಪುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ವಿಲ್ಮಾ ಅತ್ತಿತ್ತ ನೋಡಿದಳು. ಮಿಂಟನ್ನು ಬಾಯಿಗೆ ಹಾಕಿಕೊಳ್ಳಲು ಆಗದೆ ಕೋಟಿನ ಜೇಬಿಗೆ ಇಳಿಬಿಟ್ಟಳು.

ಅಂದೇ ಮಧ್ಯಾಹ್ನ ಫೆನ್ನಾ ತೀರ್ಮಾನ ಹೇಳಿದಳು. "ಸರೋವರದ ಹತ್ತಿರದ ವೃದ್ಧಾಶ್ರಮಕ್ಕೆ ಫೋನ್ ಮಾಡಿದ್ದೆ. ಒಂದು ಕೋಣೆ ಖಾಲಿ ಇದೆಯಂತೆ. ಗುರುವಾರ ಮಿಸೆಸ್ ಡೈಕೆಮಾ ಅನ್ನೋರು ನೋಡೋಕೆ ಬರ್ತಾರೆ."

"ಯಾರನ್ನ ಕೇಳಿ ಮಾಡಿದೆ?"

"ನಿನ್ನ ಕೇಳಿದ್ರೆ ನೀನು ಬೇಡ ಅಂತಿದ್ದೆ. ಅಮ್ಮನ್ನ ನೋಡಿಕೊಂಡಿದ್ದು ಸಾಕು ನೀನು. ನಿನ್ನ ಕೈ ಕಚ್ಚೋ ದಿನ ಬರೋದ್ರೊಳಗೆ ನಾನು ಹೊರಟುಹೋಗ್ತೀನಿ."

ಮಾರನೆಯ ದಿನ ಕಾರ್ಯಾಗಾರದಲ್ಲಿ ವಿಲ್ಮಾ ತನ್ನ ಜೊತೆ ಕೆಲಸ ಮಾಡುವ ಹಾರ್ವ್‌ನನ್ನು ಸುತ್ತಿ ಬಳಸಿ ಕೇಳಿದಳು: ಓಕ್‌ಗೆ ತುಂಬಿದ ಫಿಲ್ಲರನ್ನು ಮತ್ತೆ ತೆಗೆಯಲು ಬರುತ್ತದೆಯೇ?

ಹಾರ್ವ್ ಕುಂಚ ಕೆಳಗಿಟ್ಟು ಕಣ್ಣರಳಿಸಿದ. "ನನ್ನ ಜೀವಮಾನದಲ್ಲಿ ಯಾಕೆ ಸರಿಯಾಗಿ ತುಂಬಿಲ್ಲ ಅಂತ ಬೈದವರು ಇದ್ದಾರೆ. ತೆಗಿ ಅಂದವರನ್ನ ಇವತ್ತೇ ನೋಡ್ತಿರೋದು. ಯಾವ ಪುಣ್ಯಾತ್ಮ ಅವನು?"

"ಇದ್ದಾರೆ ಯಾರೋ. ಹೇಳು."

"ಹಿತ್ತಾಳೆ ಬ್ರಷ್ ಹಾಕಿ ಕೆರೆದ್ರೆ ಅರ್ಧ ಬರುತ್ತೆ. ಅರ್ಧ ಮರವೂ ಅದರ ಜೊತೆ ಬರುತ್ತೆ. ಆಮೇಲೆ ಅದು ಹಳೇ ಮೇಜೂ ಅಲ್ಲ, ಹೊಸಾದೂ ಅಲ್ಲ, ಹೊಡೆದಾಡಿ ಬಂದವನ ಮುಖ." ಅವಳ ಮೋರೆ ನೋಡಿ ಅವನು ದನಿ ತಗ್ಗಿಸಿದ. "ಅಡಿಗೂ ಒಂದು ಕೈ ವಾರ್ನಿಶ್ ಹೊಡೆದಿದ್ದೀ ತಾನೇ? ಮೇಲೆ ಮಾತ್ರ ಮುಚ್ಚಿ ಅಡಿ ಬಿಟ್ಟಿದ್ರೆ ಚಳಿಗಾಲ ಮುಗಿಯೋದ್ರೊಳಗೆ ಹಲಗೆ ಬಾಗಿ ಊರಿಗೆಲ್ಲ ಚಾಡಿ ಹೇಳುತ್ತೆ."

ಅಡಿಮೈಗೆ ಹೊಡೆದಿರಲಿಲ್ಲ. ಎರಡೂ ಮೈಗೆ ಸಮನಾಗಿ ಕೊಡಬೇಕೆಂದು ಹೊಸಬರಿಗೆ ಕಲಿಸುವವಳೇ ಅವಳು. ಆದರೆ ಶುಶ್ರೂಷಾಲಯದವರು ನಾಳೆಯೇ ಕರೆದುಕೊಂಡು ಹೋಗಿ ಎಂದಾಗ, ಅಡಿಮೈ ನೋಡುವವರಾರು ಎಂದು ಬಿಟ್ಟಿದ್ದಳು. ವಿಲ್ಮಾ ಕೈಯಲ್ಲಿದ್ದ ಗೋಣಿತಾಟನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

ಗುರುವಾರ ಬೆಳಿಗ್ಗೆ ವಿಲ್ಮಾ ರಜೆ ಹಾಕಿದಳು. ಸರೋವರದ ಕಡೆಯಿಂದ ವರ್ಷದ ಮೊದಲ ಹಿಮ ಬೀಸುತ್ತಿತ್ತು. ಬಾದಾಮಿ ಹೂರಣದ ರೊಟ್ಟಿಯನ್ನು ಒಲೆಯಿಂದ ತೆಗೆದು ಆರಲು ಇಟ್ಟಿದ್ದಳು. ಫೆನ್ನಾ ಭಾನುವಾರದ ನೀಲಿ ಉಡುಪು ತೊಟ್ಟು, ಅಮ್ಮನ ಪದಕ ಚುಚ್ಚಿಕೊಂಡು, ಮೇಜಿನ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನೆಗೆ ಬಂದ ಸಂಜೆಯಿಂದ ಅವಳು ಆ ಮೇಜನ್ನು ಬೇಕೆಂದು ಮುಟ್ಟಿರಲಿಲ್ಲ.

"ಪದಕ ನೆಟ್ಟಗಿದೆಯಾ?" ಎಂದು ಕೇಳಿದಳು.

"ನೆಟ್ಟಗಿದೆ."

"ಕಾಲರು?"

"ಚೆನ್ನಾಗಿದೆ."

"ಇದ್ದದ್ದು ಇದ್ದ ಹಾಗೆ ಹೇಳು ಮತ್ತೆ. ಅವರ ಮುಂದೆ ಹುಚ್ಚಿ ಹಾಗೆ ಕಾಣಬಾರದು ನಾನು."

ವಿಲ್ಮಾಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಾತು ಹುಡುಕಿದಳು, ಯಾವ ಮಾತು ಸಿಕ್ಕಿದರೂ ಅದರ ಬೆನ್ನಿಗೆ ಒಂದು ನೆಪ ಅಂಟಿಕೊಂಡೇ ಬರುತ್ತಿತ್ತು. ಕೊನೆಗೆ ಅಕ್ಕನ ಪಕ್ಕ ಮಂಡಿಯೂರಿ ಕುಳಿತು, "ಎಡಗೈ ಕೊಡಕ್ಕ," ಎಂದಳು. ಆ ಕೈಯನ್ನು ಹಿಡಿದು, ಮೇಜಿನ ಅಂಚಿನ ಕೆಳಗೆ ಒಯ್ದು, ಅಂಗೈ ಮೇಲೆ ಮಾಡಿ ಹಲಗೆಯ ಅಡಿಗೆ ಒತ್ತಿದಳು.

ಕೈ ಮೊದಲು ಸುಮ್ಮನಿತ್ತು. ಆಮೇಲೆ ತೋರುಬೆರಳು ಅಲುಗಿತು. ಅಪ್ಪನ ಉಳಿ ಬಿಟ್ಟ ಗುರುತುಗಳ ಮೇಲೆ, ಎಣ್ಣೆಯನ್ನೂ ಕಾಣದ ಒಣ ಎಳೆಗಳ ಮೇಲೆ ಹರಿದು, ಅಂಚಿನಿಂದ ಒಂದು ಗೇಣು ಒಳಗೆ ಹೋಗಿ ನಿಂತಿತು. ಗಂಟು ಹಲಗೆಯ ಈ ಮೈಯಿಂದ ಆ ಮೈವರೆಗೆ ಇಳಿದಿತ್ತು. ಬೆರಳು ಅದರ ಸುತ್ತ ನಿಧಾನವಾಗಿ ಸುತ್ತಿತು, ಪಕ್ಕದ ಗೆರೆಯನ್ನು ಹಿಡಿದು ಅದರ ಜೊತೆ ಕೈ ಹೋಗುವಷ್ಟು ದೂರ ಹೋಗಿ ಬಂತು.

"ಇದು ಅಪ್ಪನ ಮೇಜು," ಎಂದಳು ಫೆನ್ನಾ.

"ಹೌದು."

"ಮೇಲಿರೋದು?"

"ನಂದು."

ಫೆನ್ನಾ ಕೈ ತೆಗೆಯಲಿಲ್ಲ. ವಿಲ್ಮಾ ಮಂಡಿಯ ಮೇಲೆಯೇ ಇದ್ದಳು.

"ಯಾವಾಗ?"

"ನೀನು ಆಸ್ಪತ್ರೇಲಿದ್ದಾಗ. ಫಿಲ್ಲರ್ ತುಂಬಿದೆ. ಗಂಟಿನ ಮೇಲೆ ಜಾಸ್ತೀನೇ ಉಜ್ಜಿದೆ."

"ಯಾಕೆ?"

"ನಿನ್ನ ಮೇಲಿನ ಸಿಟ್ಟಿಗೆ."

"ಡಾಕ್ಟರು ನನ್ನ ಕೈಲಿ ಲೆಕ್ಕ ಮಾಡಿಸ್ತಿದ್ದಾಗ ನೀನು ಪಕ್ಕದಲ್ಲೇ ಕೂತಿದ್ದೆ."

"ಕೂತಿದ್ದೆ."

"ರಾತ್ರಿ ಹೊತ್ತು ಬೀದಿಗಳ ಹೆಸರು ಹೇಳ್ಕೊಳ್ತಿದ್ದೆ ನಾನು. ಮರೆತುಹೋಗಬಾರದು ಅಂತ." ಫೆನ್ನಾಳ ದನಿ ಏರಲಿಲ್ಲ. "ಅದು ಕೇಳಿಸ್ತಿತ್ತಾ ನಿಂಗೆ?"

ಇಲ್ಲ ಎನ್ನಬಹುದಿತ್ತು. ಗೋಡೆ ದಪ್ಪವಿದೆ ಎನ್ನಬಹುದಿತ್ತು.

"ಕೇಳಿಸ್ತಿತ್ತು," ಎಂದಳು ವಿಲ್ಮಾ.

ಆಗ ಬಾಗಿಲ ಗಂಟೆ ಬಡಿಯಿತು. ಫೆನ್ನಾ ಕೈಯನ್ನು ಮಡಿಲಿಗೆ ತಂದುಕೊಂಡು ಉಡುಪಿನ ಸುಕ್ಕು ಸರಿಮಾಡಿದಳು. "ಏಳು. ಬಾಗಿಲು ತೆಗಿ. ಕಣ್ಣೊರೆಸಿಕೊಂಡು ಹೋಗು, ಮೂಗು ಸೊರಸೊರ ಅನ್ನಿಸ್ತಿದ್ದೀಯ."

ಮಿಸೆಸ್ ಡೈಕೆಮಾ ದುಂಡಗಿನ, ಹೂವಿನ ಸ್ವೆಟರಿನ, ಬಾಯ್ತುಂಬ ಮಾತಿನ ಹೆಂಗಸು. ಕೋಟಿನ ಹಿಮ ಕೊಡವಿ ಕೂತವಳೇ ಮೇಜಿನ ಮೇಲೆ ಅಂಗೈ ಆಡಿಸಿದಳು. "ಅಬ್ಬಬ್ಬಾ, ಏ‌ನು ಚೆಂದದ ಮೇಜು! ಮುಖ ಕಾಣುತ್ತಲ್ರೀ ಇದ್ರಲ್ಲಿ. ಎಲ್ಲಿ ಕೊಂಡಿದ್ದು?"

"ಕೊಂಡಿದ್ದಲ್ಲ. ನನ್ನ ತಂಗಿ ಕೆಲಸ," ಎಂದಳು ಫೆನ್ನಾ. "ಅವಳಷ್ಟು ನುಣ್ಣಗೆ ಮಾಡೋರು ಈ ಜಿಲ್ಲೇಲೇ ಇಲ್ಲ. ಒಳಗೆ ಏನಿತ್ತು ಅಂತ ಗೊತ್ತೇ ಆಗಲ್ಲ, ನೋಡಿ."

ಕಾಫಿ ಬಗ್ಗಿಸುತ್ತಿದ್ದ ವಿಲ್ಮಾ ಲೋಟವನ್ನು ಅಂಚಿನವರೆಗೂ ತುಂಬಿ ಅತಿಥಿಯ ಮುಂದೆ ಸರಿಸಿದಳು. ಮಿಸೆಸ್ ಡೈಕೆಮಾ ಬಾದಾಮಿ ರೊಟ್ಟಿಯ ಎರಡನೆಯ ತುಂಡು ತಿನ್ನುತ್ತ ಕೋಣೆಯ ಬಗ್ಗೆ ಹೇಳಿದಳು. ಪೂರ್ವದ ಕಿಟಕಿ, ಬೆಳಗಿನ ಬಿಸಿಲು, ಬುಧವಾರ ಹಾಡುಗಾರಿಕೆ. ಫೆನ್ನಾ ಎಲ್ಲ ಕೇಳಿದಳು, ಎಲ್ಲಕ್ಕೂ ತಲೆಯಾಡಿಸಿದಳು. ವಿಲ್ಮಾಗೆ ಒಂದು ವಿಷಯ ಸ್ಪಷ್ಟವಾಯಿತು: ಇಷ್ಟು ದಿನ ಅಕ್ಕ ಹೋಗುತ್ತೇನೆಂದದ್ದು ತಲೆ ಕೆಡುತ್ತಿದೆಯೆಂದು ಹೆದರಿ. ಇನ್ನು ಹೋದರೆ ಅದು ತಂಗಿಯಾದ ತನ್ನ ದೆಸೆಯಿಂದ, ಮತ್ತು ತಡೆಯಲು ತನಗೆ ಬಾಯಿಲ್ಲ.

"ಮತ್ತೆ, ಏನಂತೀರಿ?" ಎಂದಳು ಮಿಸೆಸ್ ಡೈಕೆಮಾ.

"ಸಂಜೆ ಊಟ ಆದ ಮೇಲೆ ಫೋನ್ ಮಾಡಿ ಹೇಳ್ತೀನಿ," ಎಂದಳು ಫೆನ್ನಾ.

ಹಗಲೆಲ್ಲ ಅವಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಒಳಗಿನಿಂದ ಬೀರುವಿನ ಖಾನೆ ಎಳೆದು ಮುಚ್ಚುವ ಸದ್ದು ಬರುತ್ತಿತ್ತು. ಬಟ್ಟೆ ಕಟ್ಟುತ್ತಿದ್ದಾಳೆಯೇ? ಬಾಗಿಲು ತಟ್ಟಬೇಕೆಂದು ವಿಲ್ಮಾ ಎರಡು ಸಲ ಹೋಗಿ ಎರಡು ಸಲವೂ ಬರಿಗೈಯಲ್ಲಿ ತಿರುಗಿ ಬಂದಳು. ಕ್ಷಮಿಸು ಎಂಬ ಮಾತು ನಾಲಿಗೆ ಮೇಲಿತ್ತು. ಕೇಳಿದರೆ ಅಕ್ಕ ಕ್ಷಮಿಸಿಯೇ ಬಿಡುತ್ತಾಳೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಜನ ತಾವು. ಬಲವಂತವಾಗಿ ಪಡೆದ ಆ ಕ್ಷಮೆ ಅವಳಿಗೆ ಬೇಡವಾಗಿತ್ತು. ಬಟಾಣಿ ನೆನೆಸಿಟ್ಟಿದ್ದಳು, ಅದನ್ನೇ ಬೇಯಿಸಿದಳು. ಬ್ರೆಡ್ಡು ಕೊಯ್ದಳು. ಕತ್ತಲಾದ ಮೇಲೆ ಎರಡು ತಟ್ಟೆ ಹಾಕಿ, ಸಾರು ಬಡಿಸಿ, "ಅಕ್ಕ, ಊಟ," ಎಂದು ಕರೆದಳು.

ಫೆನ್ನಾ ನಿಧಾನವಾಗಿ ಬಂದು ಕೂತಳು. ಪ್ರಾರ್ಥನೆ ಹೇಳಿದ್ದು ಅವಳೇ, ಎಂದಿನ ಮಾತುಗಳು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆಮೆನ್ ಎಂದ ಮೇಲೆ ಬಲಗೈಗೆ ಚಮಚ ತೆಗೆದುಕೊಂಡಳು. ಸಾರಿಗೆ ಅದ್ದದೆ, ಅದರ ತುದಿಯನ್ನು ಮುಂದಕ್ಕೆ ಚಾಚಿ ತಂಗಿಯ ತಟ್ಟೆಯ ಅಂಚಿಗೆ ತಾಕಿಸಿದಳು. ವಿಲ್ಮಾ ತನ್ನ ತಟ್ಟೆಯನ್ನು ನೋಡುತ್ತ, ಅದರಿಂದೇಳುವ ಹಬೆಯನ್ನು ನೋಡುತ್ತ ಕೂತಿದ್ದಳು. ಗೋಡೆಯ ಮೇಲೆ, ಅಕ್ಕನ ತಲೆಯ ಹಿಂದೆ, ಫೋನು ಇತ್ತು.

"ವಿಲ್ಮಾ."

"ಏನಕ್ಕ?"

"ನಿನ್ನ ತಟ್ಟೆ ಗೆರೆ ದಾಟಿದೆ."

ವಿಲ್ಮಾ ತಲೆಯೆತ್ತಿದಳು. ಹೌದು, ದಾಟಿತ್ತು, ಅರ್ಧ ಬೆರಳಿನಷ್ಟು. ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ಸಾರು ತುಳುಕಿ ಹೊಳೆಯುವ ಹಲಗೆಯ ಮೇಲೆ ಒಂದು ಹನಿ ಬಿತ್ತು. ಫೆನ್ನಾ ಚಮಚ ಅದ್ದಿ ಉಣ್ಣತೊಡಗಿದಳು. ಅವಳ ಎಡಗೈ ಮೇಜಿನ ಕೆಳಗಿತ್ತು, ಮೊಣಕೈವರೆಗೆ, ಅಂಗೈ ಮೇಲೆ ಮಾಡಿಕೊಂಡು.